ಸ್ಟ್ರೈಪರ್ ದಾರಿಯಾ, ಪೆಟ್ರಾ ದಾರಿಯಾ? ನಮ್ಮ ಬ್ಯಾಂಡ್ ಒಡೆದದ್ದು ಬೇರೆ ಕಾರಣಕ್ಕೆ

ನೀವು ಕೇಳಿರುವುದು ಇಷ್ಟು: ಸಭೆಯ, ಅಂದರೆ ಚರ್ಚಿನ, ಯುವಕರು ಕಟ್ಟಿದ ಬ್ಯಾಂಡಿಗೆ ಈಗ ಕಾಲೇಜು ಫೆಸ್ಟ್‌ಗಳಿಂದ ಕರೆ ಬರುತ್ತಿದೆ. ಅಮೆರಿಕದ ಕ್ರೈಸ್ತ ರಾಕ್ ಬ್ಯಾಂಡುಗಳಲ್ಲಿ ಸ್ಟ್ರೈಪರ್ ತರ ಹೊರಗೆ ಹೋಗಬೇಕಾ, ಪೆಟ್ರಾ ತರ ಸಭೆಗಳ ನಡುವೆಯೇ ಇರಬೇಕಾ? ಹೊರಗೆ ಹೋದರೆ ಯೇಸುವಿನ ಹೆಸರಿರುವ ಹಾಡುಗಳನ್ನು ಸ್ವಲ್ಪ ಕಡಿಮೆ ಮಾಡಬೇಕಾ? ಓದುತ್ತಿದ್ದ ಹಾಗೆ ನಮ್ಮ ಬ್ಯಾಂಡೇ ಕಣ್ಣ ಮುಂದೆ ಬಂತು. ಇದೇ ಎರಡು ಹೆಸರು ಹಿಡಿದುಕೊಂಡು ನಾವೂ ರಾತ್ರಿಯಿಡೀ ವಾದ ಮಾಡಿದವರು.

ನನ್ನೂರು ಧಾರವಾಡ. ಬಾಸೆಲ್ ಮಿಷನ್ ಕಾಲದಿಂದ ಸಭೆಯಲ್ಲಿರುವ ಮನೆ. ಹಾರ್ಮೋನಿಯಂ, ತಬಲಾ, ಕೀರ್ತನೆ, ಇಷ್ಟೇ ನಮಗೆ ಗೊತ್ತಿದ್ದ ಸಂಗೀತ. 90ರ ದಶಕದ ಕೊನೆಯಲ್ಲಿ ಓದಲು ಬೆಂಗಳೂರಿಗೆ ಬಂದಾಗ, ಯೂತ್ ಫೆಲೋಶಿಪ್‌ನ ಗೆಳೆಯನೊಬ್ಬ ಸ್ಟ್ರೈಪರ್ ಕ್ಯಾಸೆಟ್ ಹಾಕಿ ಕೇಳಿಸಿದ. ಗಿಟಾರ್ ಎರಡೂ ಸೇರಿ ಒಂದೇ ರಾಗವನ್ನು ಬೇರೆ ಬೇರೆ ಎತ್ತರದಲ್ಲಿ ನುಡಿಸುತ್ತಿದ್ದವು. ಮೇಲೆ ಆ ಕಂಠ. ಹಾಡಿನ ತುಂಬ ಯೇಸು. ದೇವರ ಹಾಡನ್ನು ಇಷ್ಟು ಜೋರಾಗಿ ಹಾಡಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಕೆಲವೇ ತಿಂಗಳಲ್ಲಿ ನಮ್ಮದೂ ಒಂದು ಬ್ಯಾಂಡ್ ಆಯಿತು. ನಾನು ಗಿಟಾರ್. ಹಾಡುವವನು ಒಬ್ಬ, ಅವನ ಚಿಕ್ಕಪ್ಪನ ಮಗ ಡ್ರಮ್ಸ್, ಬೇಸ್‌ಗೆ ಇನ್ನೊಬ್ಬ. ಸಭೆಯವರು ಸಂಜೆ ಹೊತ್ತು ಹಾಲ್ ಬಿಟ್ಟುಕೊಟ್ಟರು, ಹಳೆಯ ಕೀಬೋರ್ಡ್ ಕೊಟ್ಟರು. ಬೀಗದ ಕೈ ನಮ್ಮ ಹತ್ತಿರವೇ ಇರುತ್ತಿತ್ತು. ಈ ಬೀಗದ ಕೈ ವಿಷಯ ನೆನಪಿಟ್ಟುಕೊಳ್ಳಿ.

ನೀವು ಸ್ಟ್ರೈಪರ್ ಕಥೆಯನ್ನು ಅರ್ಧ ಮಾತ್ರ ಕೇಳಿದ್ದೀರಿ ಅನ್ನಿಸುತ್ತದೆ. ಪೂರ್ತಿ ಹೇಳುತ್ತೇನೆ.

1983ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಅವರು ರಾಕ್ಸ್ ರೆಜೀಮ್ ಎಂಬ ಹೆಸರಿನಲ್ಲಿ ನುಡಿಸುತ್ತಿದ್ದರು. ಮೈಕೆಲ್ ಸ್ವೀಟ್ ಹಾಡು ಮತ್ತು ಗಿಟಾರ್, ಅಣ್ಣ ರಾಬರ್ಟ್ ಡ್ರಮ್ಸ್, ಆಜ್ ಫಾಕ್ಸ್ ಗಿಟಾರ್, ಟಿಮ್ ಗೇನ್ಸ್ ಬೇಸ್. ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್‌ನಲ್ಲಿ ಆಗ ಉದ್ದ ಕೂದಲಿನ ಮೆಟಲ್ ಬ್ಯಾಂಡುಗಳದ್ದೇ ಕಾಲ. ಅದೇ ಕ್ಲಬ್ಬುಗಳಲ್ಲಿ ನಿಂತು ಇವರು ಯೇಸುವಿಗಾಗಿ ಹಾಡುತ್ತೇವೆ ಎಂದು ತೀರ್ಮಾನಿಸಿದರು. ಬೈಬಲಿನ ಯೆಶಾಯ 53:5ರ ಬಾಸುಂಡೆಗಳ (ಇಂಗ್ಲಿಷಿನಲ್ಲಿ 'ಸ್ಟ್ರೈಪ್ಸ್', ಪಟ್ಟೆಗೂ ಅದೇ ಪದ) ಮಾತನ್ನು ಹಿಡಿದು ಸ್ಟ್ರೈಪರ್ ಆದರು. ಮೈಮೇಲೆ ಹಳದಿ ಕಪ್ಪು ಪಟ್ಟೆ, ಗಿಟಾರ್ ಮೇಲೆ ಪಟ್ಟೆ, ಡ್ರಮ್ಸ್ ಮೇಲೂ ಪಟ್ಟೆ. ಹಾಡುಗಳ ನಡುವೆ ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಜನರ ಕಡೆಗೆ ಎಸೆಯುತ್ತಿದ್ದರು.

ಅವರ ಕಂಪನಿ ಎನಿಗ್ಮಾ. ಅದು ಕ್ರೈಸ್ತ ಸಂಗೀತದ ಕಂಪನಿಯಲ್ಲ. 1984ರಲ್ಲಿ ಮೊದಲ ರೆಕಾರ್ಡ್, 1985ರಲ್ಲಿ 'ಸೋಲ್ಜರ್ಸ್ ಅಂಡರ್ ಕಮಾಂಡ್', 1986ರಲ್ಲಿ 'ಟು ಹೆಲ್ ವಿತ್ ದ ಡೆವಿಲ್'. ಈ ಮೂರನೆಯದು ಅಮೆರಿಕದಲ್ಲಿ ಪ್ಲಾಟಿನಂ ಆಯಿತು, ಅಂದರೆ 10 ಲಕ್ಷದ ಲೆಕ್ಕ. ಎಂಟಿವಿಯಲ್ಲಿ ಅವರ ವಿಡಿಯೊಗಳು ಬಂದವು. ಅದರಲ್ಲಿದ್ದ 'ಆನೆಸ್ಟ್ಲಿ' ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಹೋಯಿತು. 1988ರ 'ಇನ್ ಗಾಡ್ ವಿ ಟ್ರಸ್ಟ್' ಗೋಲ್ಡ್ ಆಯಿತು, ಅಂದರೆ 5 ಲಕ್ಷದ ಲೆಕ್ಕ.

ಇಲ್ಲಿ ಒಂದು ಕ್ಷಣ ನಿಲ್ಲಿ. ಅವರು ಅತಿ ಹೆಚ್ಚು ಜನರನ್ನು ಮುಟ್ಟಿದ್ದು ಯಾವಾಗ? ಅತಿ ಹೆಚ್ಚು ಬಹಿರಂಗವಾಗಿ ಯೇಸುವಿನ ಹೆಸರು ಹೇಳುತ್ತಿದ್ದಾಗ. ಅವರನ್ನು ಬೈದವರು ಬಾರಿನಲ್ಲಿ ಕುಳಿತವರಷ್ಟೇ ಅಲ್ಲ. ಸ್ವೀಟ್ ಸಹೋದರರು ನಂಬಿಕೆಗೆ ಬಂದದ್ದೇ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ ಅವರ ಕಾರ್ಯಕ್ರಮ ನೋಡಿ. ಮುಂದೆ ಅದೇ ಸ್ವಾಗರ್ಟ್ ಇವರ ಸಂಗೀತವನ್ನು ಬಹಿರಂಗವಾಗಿ ಖಂಡಿಸಿದರು. ಹೊರಗಿನವರು ಕ್ಯಾಸೆಟ್ ಕೊಂಡರು, ಒಳಗಿನವರು ಬೆರಳು ತೋರಿಸಿದರು. ಹೊರಗೆ ಹೋಗಬೇಕಾದರೆ ಹೆಸರು ಕಡಿಮೆ ಮಾಡಬೇಕು ಅನ್ನುವ ನಿಮ್ಮ ಲೆಕ್ಕ ಈ ಕಥೆಯಲ್ಲಿ ಎಲ್ಲೂ ಕೂಡುವುದಿಲ್ಲ.

ಆಮೇಲೆ ಅವರು ಹೆಸರು ಕಡಿಮೆ ಮಾಡಿದರು. 1990ರ 'ಅಗೇನ್ಸ್ಟ್ ದ ಲಾ' ಆಲ್ಬಮ್‌ನಲ್ಲಿ ಹಳದಿ ಕಪ್ಪು ಪಟ್ಟೆ ಹೋಯಿತು. ಹಾಡುಗಳಲ್ಲಿ ದೇವರ ಮಾತು ನೇರವಾಗಿ ಬರಲಿಲ್ಲ. ಗಿಟಾರ್ ನುಡಿಸುವವನಾಗಿ ಹೇಳುತ್ತೇನೆ, ಅದು ಅವರ ಒಳ್ಳೆಯ ಆಲ್ಬಮ್‌ಗಳಲ್ಲಿ ಒಂದು. ಆದರೆ ಹಿಂದಿನವುಗಳಷ್ಟು ಓಡಲಿಲ್ಲ. ಎಲ್ಲ ತಪ್ಪನ್ನೂ ಆ ಬದಲಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಮರುವರ್ಷವೇ ನಿರ್ವಾಣ ಎಂಬ ಬ್ಯಾಂಡಿನ ಅಲೆ ಎದ್ದಿತು, ಆ ಬಗೆಯ ಮೆಟಲ್ಲಿಗೇ ಕೇಳುವವರು ಕಡಿಮೆಯಾದರು. 1992ರಲ್ಲಿ ಮೈಕೆಲ್ ಸ್ವೀಟ್ ಬ್ಯಾಂಡ್ ಬಿಟ್ಟರು. ಉಳಿದವರು ಸ್ವಲ್ಪ ಕಾಲ ಎಳೆದರು, ಆಮೇಲೆ ನಿಂತೇಹೋಯಿತು. ಮತ್ತೆ ಒಟ್ಟಿಗೆ ಪ್ರವಾಸ ಹೊರಟದ್ದು 2003ರಲ್ಲಿ. ಹೊಸ ಹಾಡುಗಳ ಆಲ್ಬಮ್ 'ರಿಬಾರ್ನ್' ಬಂದದ್ದು 2005ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ಬಿಡದೆ ಆಲ್ಬಮ್ ಮಾಡುತ್ತಿದ್ದಾರೆ, 2024ರಲ್ಲೂ ಒಂದು ಬಂತು. ಪಟ್ಟೆಯೂ ವಾಪಸ್ ಬಂದಿದೆ, ಯೇಸುವಿನ ಹೆಸರೂ ವಾಪಸ್ ಬಂದಿದೆ.

ಈಗ ನಮ್ಮ ಕಥೆ. ಬೆಂಗಳೂರಿನ ಒಂದು ಕಾಲೇಜು ಫೆಸ್ಟ್‌ನ ಬ್ಯಾಂಡ್ ಸ್ಪರ್ಧೆಗೆ ಹೆಸರು ಕೊಟ್ಟೆವು. ಫಾರಂ ತುಂಬುವುದು, ಫೋನ್ ಮಾಡುವುದು, ಹಣ ಕಟ್ಟುವುದು, ಇವೆಲ್ಲ ನನ್ನ ಕೆಲಸ. ಯಾವ ಬಗೆಯ ಸಂಗೀತ ಎಂಬ ಜಾಗದಲ್ಲಿ ರಾಕ್ ಎಂದು ಮಾತ್ರ ಬರೆದೆ. ಅದರಲ್ಲೇನೂ ತಪ್ಪಿಲ್ಲ. ತಪ್ಪು ಇರುವುದು ಮುಂದಿನದರಲ್ಲಿ.

ನಮ್ಮ ಹತ್ತಿರ ಎರಡು ಸ್ವಂತ ಕನ್ನಡ ಹಾಡುಗಳಿದ್ದವು. ಎರಡನ್ನೂ ಬರೆದವನು ನಮ್ಮ ಹಾಡುಗಾರ. ಒಂದನ್ನು ಅವನ ತಂದೆ ತೀರಿಕೊಂಡ ವರ್ಷ ಬರೆದಿದ್ದ. ಯೇಸುವಿನ ಹೆಸರು ಪಲ್ಲವಿಯಲ್ಲೇ ಇತ್ತು. ಸಭೆಯಲ್ಲಿ ಹಾಡಿದಾಗ ವಯಸ್ಸಾದವರೂ ಜೊತೆಗೂಡುತ್ತಿದ್ದರು. ಫೆಸ್ಟ್‌ನ ಸೆಟ್ ಲಿಸ್ಟಿನಿಂದ ನಾನು ಆ ಎರಡೂ ಹಾಡುಗಳನ್ನು ತೆಗೆದೆ. ಅವುಗಳ ಜಾಗಕ್ಕೆ ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಕವರ್‌ಗಳನ್ನು, ಅಂದರೆ ಬೇರೆ ಬ್ಯಾಂಡುಗಳ ಹಾಡುಗಳನ್ನು, ಹಾಕಿದೆ. ಅವನ್ನು ನಾವು ಜ್ಯಾಮ್ ಮಾಡುವಾಗ ಸುಮ್ನೆ ಖುಷಿಗೆ ನುಡಿಸುತ್ತಿದ್ದೆವು, ಹಾಗಾಗಿ ಹೊಸದಾಗಿ ಕಲಿಯುವ ಕಷ್ಟ ಇರಲಿಲ್ಲ. ತೀರ್ಪುಗಾರರಿಗೆ ಕನ್ನಡದ ಭಕ್ತಿಗೀತೆ ಹಿಡಿಸಲಿಕ್ಕಿಲ್ಲ ಎಂದು ನಾನೇ ಊಹಿಸಿಕೊಂಡಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ.

ಹಾಡು ತೆಗೆದದ್ದೇ ದೊಡ್ಡ ತಪ್ಪು ಅಂತ ನೀವು ಅಂದುಕೊಳ್ಳಬಹುದು. ಅಲ್ಲ. ಬ್ಯಾಂಡುಗಳು ಹಾಡು ತೆಗೆಯುತ್ತವೆ, ಸೇರಿಸುತ್ತವೆ. ಅರ್ಧ ಗಂಟೆಯ ಸ್ಪರ್ಧೆಗೆ ಎಲ್ಲ ಹಾಡೂ ಹಿಡಿಯುವುದಿಲ್ಲ. ನನ್ನ ತಪ್ಪು, ಅದನ್ನು ಒಬ್ಬನೇ ತೀರ್ಮಾನಿಸಿ ಸೌಂಡ್ ಚೆಕ್ ಹೊತ್ತಿಗೆ ಹೇಳಿದ್ದು. ತೀರ್ಮಾನ ಅದಕ್ಕೆ ಎಷ್ಟೋ ಮೊದಲೇ ಆಗಿತ್ತು. ನಡುವೆ ನಾವು ಒಟ್ಟಿಗೆ ಪ್ರಾಕ್ಟೀಸ್ ಮಾಡಿದೆವು, ಒಟ್ಟಿಗೆ ಊಟ ಮಾಡಿದೆವು, ಒಟ್ಟಿಗೆ ಪ್ರಾರ್ಥನೆಯನ್ನೂ ಮಾಡಿದೆವು. ಆಗೆಲ್ಲ ಬಾಯಿ ಬಿಡಲಿಲ್ಲ. ಕೇಳಿದರೆ ಅವನು ಬೇಡ ಅನ್ನುತ್ತಾನೆ ಎಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಸೌಂಡ್ ಚೆಕ್‌ನಲ್ಲಿ ಹೇಳಿದರೆ ಜಗಳಕ್ಕೆ ಹೊತ್ತಿರುವುದಿಲ್ಲ, ಹಾಡಲೇಬೇಕಾಗುತ್ತದೆ ಎಂಬುದು ನನ್ನ ಎಣಿಕೆ. ಎಣಿಕೆ ಸರಿಯಾಗಿತ್ತು. ಅವನು ಒಂದೂ ಮಾತಾಡದೆ ಹಾಡಿದ. ಚೆನ್ನಾಗಿಯೇ ಹಾಡಿದ. ನಮಗೆ ಬಹುಮಾನವೂ ಬಂತು.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಹೊರಗಿನಿಂದ ನೋಡಿದವರು ಈ ಬ್ಯಾಂಡ್ ಲೋಕದ ದಾರಿ ಹಿಡಿದು ಒಡೆಯಿತು ಅಂದರು. ಇನ್ನು ಕೆಲವರು, ಹಾಡುಗಾರ ತೀರಾ ಮಡಿವಂತ ಅಂದರು. ಎರಡೂ ಸುಳ್ಳು. ಫೆಸ್ಟ್‌ನಲ್ಲಿ ಹಾಡಲು ಅವನಿಗೆ ನಮ್ಮೆಲ್ಲರಿಗಿಂತ ಜಾಸ್ತಿ ಆಸೆ ಇತ್ತು. ಅವನಿಗೆ ತಡೆಯಲಾಗದಿದ್ದದ್ದು, ತನ್ನ ಹಾಡನ್ನು ತನಗೆ ಹೇಳದೆ ಪಕ್ಕಕ್ಕಿಟ್ಟದ್ದು. ಅದೂ ಅಪ್ಪನಿಗಾಗಿ ಬರೆದ ಹಾಡು. ಒಂದು ಮಾತು ಮೊದಲೇ ಕೇಳಿದ್ದರೆ ಒಂದು ಹಾಡು ಇಟ್ಟು ಒಂದು ಬಿಡಬಹುದಿತ್ತು. ಅಥವಾ ಆ ಸ್ಪರ್ಧೆಯನ್ನೇ ಬಿಟ್ಟು ಬೇರೆಯದಕ್ಕೆ ಹೋಗಬಹುದಿತ್ತು. ಆ ಕಾಲದ ಬೆಂಗಳೂರಿನಲ್ಲಿ ಸ್ಪರ್ಧೆಗಳಿಗೆ ಬರವಿರಲಿಲ್ಲ.

ಅವನು ಪ್ರಾಕ್ಟೀಸಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ತಮ್ಮನಾದ ಡ್ರಮ್ಮರ್ ಕೂಡ ನಿಂತ. ಅಷ್ಟರಲ್ಲಿ ಸಭೆಯ ಹಿರಿಯರ ಕಿವಿಗೂ ವಿಷಯ ಬಿದ್ದಿತ್ತು: ಇವರು ಹೊರಗೆ ಹೋಗಿ ನಮ್ಮ ಒಂದು ಹಾಡನ್ನೂ ಹಾಡಲಿಲ್ಲವಂತೆ. ಯಾರೂ ಬೈಯಲಿಲ್ಲ. ಹಾಲ್‌ನ ಬೀಗದ ಕೈ ಮಾತ್ರ ವಾಪಸ್ ಕೇಳಿದರು. ಬಾಡಿಗೆ ಜ್ಯಾಮ್ ರೂಮಿಗೆ ಕೊಡುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಇನ್ನು ಪೆಟ್ರಾ. ಅವರು ಸಭೆಗಳ ನಡುವೆ ಆರಾಮವಾಗಿದ್ದರು ಎಂದು ನೀವು ಬರೆದಿದ್ದೀರಿ. ಇದೂ ಸರಿಯಲ್ಲ. 1972ರಲ್ಲಿ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಬಾಬ್ ಹಾರ್ಟ್‌ಮನ್ ಮತ್ತು ಗೆಳೆಯರು ಶುರು ಮಾಡಿದಾಗ, ಎಷ್ಟೋ ಸಭೆಗಳಿಗೆ ರಾಕ್ ಅಂದರೇ ಸೈತಾನನ ಸಂಗೀತ. 1974ರಲ್ಲಿ ಮೊದಲ ಆಲ್ಬಮ್ ಬಂದರೂ ಹೆಸರು ಬರಲು ವರ್ಷಗಳು ಹಿಡಿದವು. ಅವರಿಗಾಗಿ ಯಾರೂ ಜಾಗ ಸಿದ್ಧ ಮಾಡಿ ಇಟ್ಟಿರಲಿಲ್ಲ. ಕೇಳುವವರನ್ನು ಅವರೇ ಊರೂರು ತಿರುಗಿ ಮಾಡಿಕೊಂಡರು.

ನಾನು ಪೆಟ್ರಾದಿಂದ ಕಲಿಯುವುದು ಬೇರೆ. ಅವರಲ್ಲಿ ಜನ ಬದಲಾಗುತ್ತಲೇ ಇದ್ದರು. ಹಾಡುಗಾರ ಗ್ರೆಗ್ ವೋಲ್ಜ್ ಹೋದ ಮೇಲೆ, ಹಿಂದೆ ಹೆಡ್ ಈಸ್ಟ್ ಬ್ಯಾಂಡಿನಲ್ಲಿದ್ದ ಜಾನ್ ಶ್ಲಿಟ್ 1986ರಲ್ಲಿ ಬಂದರು. ಬ್ಯಾಂಡು ಮುಳುಗಲಿಲ್ಲ, ಇನ್ನೂ ದೊಡ್ಡದಾಯಿತು. 1995ರಲ್ಲಿ ಹಾರ್ಟ್‌ಮನ್ ಪ್ರವಾಸ ಸಾಕು ಎಂದರು. ಆದರೂ ಹಾಡು ಬರೆಯುವುದನ್ನು ಬಿಡಲಿಲ್ಲ. ಕಟ್ಟಿದವನೇ ವೇದಿಕೆಯಿಂದ ಇಳಿದ ಮೇಲೂ ಬ್ಯಾಂಡ್ 10 ವರ್ಷ ನಡೆಯಿತು! ನಾಲ್ಕು ಗ್ರ್ಯಾಮಿ ಬಂದವು, 2000ದಲ್ಲಿ ಗಾಸ್ಪೆಲ್ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿದರು, 2005ರ ಕೊನೆಗೆ ವಿದಾಯ ಪ್ರವಾಸ ಮುಗಿಸಿದರು. ಒಬ್ಬರು ಬದಿಗೆ ಸರಿಯಬೇಕಾದಾಗ ಸರಿಯಲು ಜಾಗ ಇತ್ತು ಅನ್ನುವುದೇ ಇದರಲ್ಲಿ ನನಗೆ ಕಾಣುವ ದೊಡ್ಡ ಸಂಗತಿ.

ಜಾರ್ಸ್ ಆಫ್ ಕ್ಲೇ ಎಂಬ ಕ್ರೈಸ್ತ ಬ್ಯಾಂಡಿನ ಹೆಸರನ್ನೂ ಎತ್ತಿದ್ದೀರಿ. ಇಲಿನಾಯ್‌ನ ಗ್ರೀನ್‌ವಿಲ್ ಕಾಲೇಜಿನ ಹುಡುಗರು ಅವರು. 1995ರ ಮೊದಲ ಆಲ್ಬಮ್‌ನ 'ಫ್ಲಡ್' ಹಾಡು ಸಾಮಾನ್ಯ ರೇಡಿಯೊಗಳಲ್ಲೂ ಓಡಿತು. ಆ ಹಾಡು ಒಳ್ಳೆಯದಿತ್ತು, ಓಡಿತು. ಅದನ್ನು ನೋಡಿ ನಿಮ್ಮ ಹಾಡನ್ನು ತಿದ್ದಬೇಡಿ.

ಹಣದ ಬಗ್ಗೆ ನೀವು ಹೆಚ್ಚು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದಲ್ಲಿ ಕ್ರೈಸ್ತ ರೇಡಿಯೊ, ಕ್ರೈಸ್ತ ಪುಸ್ತಕದ ಅಂಗಡಿಗಳು, ನ್ಯಾಶ್‌ವಿಲ್‌ನ ಕಂಪನಿಗಳು ಸೇರಿ ಒಂದು ಮಾರುಕಟ್ಟೆಯೇ ಇದೆ. ನಮ್ಮಲ್ಲಿ ಡಿಸೆಂಬರ್ ತಿಂಗಳ ಕಾರ್ಯಕ್ರಮಗಳು, ಸುವಾರ್ತಾ ಕೂಟಗಳು, ಮದುವೆಗಳು. ಬಹಳ ಸಲ ಕೈಗೆ ಬರುವುದು ಪ್ರಯಾಣದ ಖರ್ಚು. ಕೆಲಸ ಬಿಡಬೇಡಿ. ಯಾರು ಏನೇ ಹುರಿದುಂಬಿಸಿದರೂ ಬಿಡಬೇಡಿ. ಶಿಲ್ಲಾಂಗ್, ಐಜಾಲ್ ಕಡೆ ಸಭೆಯಲ್ಲಿ ಹಾಡುವವರೇ ರಾಕ್ ವೇದಿಕೆಯಲ್ಲೂ ಇರುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ನಿಮ್ಮಂತಹ ಬ್ಯಾಂಡಿಗೆ ಅಲ್ಲಿಯವರ ಜೊತೆ ಗೆಳೆತನ ಬಹಳ ಉಪಯೋಗಕ್ಕೆ ಬರುತ್ತದೆ.

ಫೆಸ್ಟ್‌ಗೆ ಹೋಗಿ. ಖಂಡಿತ ಹೋಗಿ. ನಿಮ್ಮ ಕನ್ನಡ ಹಾಡನ್ನು ಮೊದಲನೆಯದಾಗಿ ಹಾಡಿ, ಕೊನೆಯಲ್ಲಿ ಹೊತ್ತು ಸಾಲದೆ ಬಿಟ್ಟುಹೋಗುವ ಜಾಗದಲ್ಲಿ ಇಡಬೇಡಿ. ಹೋಗುವ ಮೊದಲು ಸಭೆಯ ಅಯ್ಯನವರಿಗೂ ಹಿರಿಯರಿಗೂ ನೀವೇ ಹೋಗಿ ಹೇಳಿ, ಬೇರೆಯವರ ಬಾಯಿಂದ ತಿಳಿಯುವುದು ಬೇಡ. ಒಪ್ಪಿಗೆ ಸಿಗದಿದ್ದರೂ ಹೇಳಿದ್ದು ಹೇಳಿದ ಹಾಗಿರುತ್ತದೆ. ಯಾವ ಹಾಡು ಯಾರದ್ದು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬರೆದವರನ್ನು ಕೇಳದೆ ಆ ಹಾಡನ್ನು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಮಾತು ಬದಲಿಸುವಂತಿಲ್ಲ. ಗೆಳೆಯರ ನಡುವೆ ಕಾಗದ ಯಾಕೆ ಅಂತಾರೆ. ಗೆಳೆಯರಾಗಿರುವಾಗಲೇ ಅದನ್ನು ಬರೆಯುವುದು ಸುಲಭ, ಅಲ್ವಾ?

ಇನ್ನೊಂದು. ನಿಮ್ಮ ಪ್ರಶ್ನೆಯಲ್ಲಿ ಹಾಡುಗಳನ್ನು ಬರೆಯುವುದು ನಿಮ್ಮ ತಂಗಿ ಎಂದಿದೆ. ಆದರೆ ಈ ವಿಷಯದಲ್ಲಿ ಅವರು ಏನಂದರು ಎಂದು ಎಲ್ಲೂ ಇಲ್ಲ. ಫೆಸ್ಟ್‌ನವರಿಗೆ ಉತ್ತರ ಕೊಡುವ ಮೊದಲು ಅವರನ್ನು ಕೇಳಿ. ಅವರು ಬೇಡ ಅಂದರೆ ಯಾಕೆ ಬೇಡ ಅಂತಲೂ ಕೇಳಿ, ಆ ಸಂಜೆ ಗಿಟಾರ್ ಕೈಗೆತ್ತಿಕೊಳ್ಳಬೇಡಿ, ಪೂರ್ತಿ ಕೇಳಿಸಿಕೊಳ್ಳಿ.