ಫೆರೋಸೀನ್ ಮೆಥನಾಲಿನ ಎರಡು ಶೃಂಗಗಳು

ಪ್ರಶ್ನೆ: ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತದ ಆಲ್ಡಿಹೈಡಿನಿಂದ ನಾನು ತಯಾರಿಸಿದ ಫೆರೋಸೀನ್ ಮೆಥನಾಲಿನ ಸೈಕ್ಲಿಕ್ ವೋಲ್ಟಾಮೆಟ್ರಿಯಲ್ಲಿ (ವಿಭವವನ್ನು ಏರಿಸಿ ಇಳಿಸುತ್ತಾ ವಿದ್ಯುತ್ ಪ್ರವಾಹ ಅಳೆಯುವ ವಿಧಾನ) ಪ್ರವಾಹದ ಎರಡು ಶೃಂಗಗಳ ನಡುವೆ 110 ಮಿಲಿವೋಲ್ಟ್ ಅಂತರ ಬಂದಿದೆ. ಸಂಯುಕ್ತ ಕೆಟ್ಟಿದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಅಂತರವೊಂದನ್ನೇ ನೋಡಿ ಸಂಯುಕ್ತವನ್ನು ದೂರಬೇಡಿ. ಒಂದೇ ಎಲೆಕ್ಟ್ರಾನು ವಿನಿಮಯವಾಗುವ ಆದರ್ಶ ವ್ಯವಸ್ಥೆಯಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈ ಅಂತರ ಸುಮಾರು 57 ಮಿಲಿವೋಲ್ಟ್ ಇರಬೇಕೆಂಬುದು ನಿಜವಾದರೂ, ಅಸಿಟೋನೈಟ್ರೈಲ್‌ನಂತಹ ದ್ರಾವಕದಲ್ಲಿ ದ್ರಾವಣದ ರೋಧವೇ ಅದನ್ನು ಹಿಗ್ಗಿಸಿಬಿಡುತ್ತದೆ. ಅದೇ ವಿದ್ಯುದ್ರಾಸಾಯನಿಕ ಕೋಶದಲ್ಲಿ ಶುದ್ಧ ಫೆರೋಸೀನನ್ನು ಅಳೆಯಿರಿ. ಅದಕ್ಕೂ ಅಷ್ಟೇ ಅಂತರ ಬಂದರೆ ದೋಷ ಕೋಶದ್ದು, ಇಲ್ಲವೇ ಬಹುದಿನ ಪಾಲಿಶ್ ಕಾಣದ ಎಲೆಕ್ಟ್ರೋಡಿನದು. ಸೋಡಿಯಂ ಬೋರೋಹೈಡ್ರೈಡಿನಿಂದ ಅಪಕರ್ಷಿಸಿದ ಮೇಲೆ ಆಮ್ಲವನ್ನು ಧಾರಾಳವಾಗಿ ಸುರಿದಿದ್ದರೆ ಮಾತ್ರ ನನಗೆ ಅನುಮಾನ: ಫೆರೋಸೀನಿನ ಪಕ್ಕದಲ್ಲಿ ಕಾರ್ಬೋಕ್ಯಾಟಯಾನು (ಧನ ಆವೇಶದ ಇಂಗಾಲ) ಸುಲಭವಾಗಿ ಹುಟ್ಟುವುದರಿಂದ ಆಲ್ಕೋಹಾಲು ಈಥರಾಗಿಬಿಡಬಹುದು. ಆಲ್ಡಿಹೈಡ್ ಉಳಿದಿದ್ದರೆ ಹೆಚ್ಚು ಧನ ವಿಭವದಲ್ಲಿ ಬೇರೆಯೇ ಶೃಂಗ ಕಾಣಿಸುತ್ತದೆ.