ಈಜುವುದು ಕ್ರಿಯೆ, ಆದರೆ ಕ್ರಿಯಾಪದ ಯಾವುದು?

ಪ್ರಶ್ನೆ: ಮಗಳು ಏಳನೇ ತರಗತಿ. ಇಂಗ್ಲಿಷ್ ವಾಕ್ಯಗಳಲ್ಲಿ ಕ್ರಿಯಾಪದಕ್ಕೆ ಗೆರೆ ಎಳೆಯುವ ಹೋಂವರ್ಕ್ ಇತ್ತು. ‘ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್’ ಎಂಬಲ್ಲಿ ‘ಸ್ವಿಮ್ಮಿಂಗ್’ಗೆ ಗೆರೆ ಎಳೆದಳು, ತಪ್ಪಾಯಿತು. ಈಜುವುದು ಕ್ರಿಯೆಯೇ ತಾನೆ?
— ಓದುಗರು, ತಿಪಟೂರು

ಉತ್ತರ: ಕ್ರಿಯೆ ಹೌದು, ಕ್ರಿಯಾಪದ ಅಲ್ಲ. ‘ವರ್ಬ್ ಅಂದರೆ ಡೂಯಿಂಗ್ ವರ್ಡ್’ ಎಂದು ಬಾಯಿಪಾಠ ಮಾಡಿಸುವುದರಿಂದಲೇ ಈ ಎಡವಟ್ಟು. ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ: ‘ಈಜು ಒಳ್ಳೆಯ ವ್ಯಾಯಾಮ.’ ಕ್ರಿಯಾಪದವೇ ಇಲ್ಲ, ಆದರೂ ಮಾತು ಪೂರ್ತಿಯಾಯಿತು. ಇಂಗ್ಲಿಷಿನಲ್ಲಿ ಹಾಗೆ ನಡೆಯದು. ‘ಈಸ್’ ಬೇಕೇ ಬೇಕು, ಅದೇ ಇಲ್ಲಿನ ಕ್ರಿಯಾಪದ. ಕನ್ನಡದಲ್ಲಿ ಅದಕ್ಕೆ ಸಾಟಿಯಾದ ಪದ ಕೇಳಿಸದ ಕಾರಣ ನಮ್ಮ ಮಕ್ಕಳ ಕಣ್ಣು ಅದನ್ನು ದಾಟಿ ಹೋಗುತ್ತದೆ. ‘ಸ್ವಿಮ್ಮಿಂಗ್’ ನಮ್ಮ ಓಟ, ನೋಟಗಳಂಥ ಭಾವನಾಮ.

ಅರ್ಥ ಬಿಟ್ಟು ರೂಪ ನೋಡಲು ಹೇಳಿಕೊಡಿ. ವಾಕ್ಯದ ಮುಂದೆ ‘ಯೆಸ್ಟರ್‌ಡೇ’ ಸೇರಿಸಿದರೆ ಯಾವ ಪದ ಬದಲಾಗುತ್ತದೆ? ‘ಈಸ್’ ಹೋಗಿ ‘ವಾಸ್’ ಬಂತು, ‘ಸ್ವಿಮ್ಮಿಂಗ್’ ಅಲುಗಲಿಲ್ಲ. ‘ಶಿ ವಾಂಟ್ಸ್ ಟು ಗೋ’ದಲ್ಲಿ ‘ವಾಂಟ್ಸ್’ ‘ವಾಂಟೆಡ್’ ಆಗುತ್ತದೆ, ‘ಗೋ’ ಹಾಗೇ ಉಳಿಯುತ್ತದೆ. ‘ದಿ ಬ್ರೋಕನ್ ಚೇರ್ ಸ್ಟ್ಯಾಂಡ್ಸ್ ಹಿಯರ್’ ಎಂಬಲ್ಲಿ ಬದಲಾಗುವುದು ‘ಸ್ಟ್ಯಾಂಡ್ಸ್’. ‘ಬ್ರೋಕನ್’ ಕುರ್ಚಿಯ ಗುಣವಾಚಕ, ‘ಮುರಿದ ಕುರ್ಚಿ’ಯ ‘ಮುರಿದ’ ಇದ್ದಂತೆ. ವಾಕ್ಯ ಮೊದಲೇ ಭೂತಕಾಲದಲ್ಲಿದ್ದರೆ ‘ಎವರಿ ಡೇ’ ಹಾಕಿ ನೋಡಿ.

ಈ ಪರೀಕ್ಷೆ ಎರಡು ಕಡೆ ಕೈಕೊಡುತ್ತದೆ. ‘ಕಟ್’, ‘ಪುಟ್’, ‘ಹಿಟ್’ ಭೂತಕಾಲದಲ್ಲೂ ಬದಲಾಗವು. ಆಗ ‘ದೇ’ ತೆಗೆದು ‘ಹಿ’ ಇಟ್ಟು ವರ್ತಮಾನದಲ್ಲಿ ಹೇಳಿಸಿ, ‘ಕಟ್ಸ್’ ಎಂದು ಬಾಲ ಬರುತ್ತದೆ. ‘ಮಸ್ಟ್’ಗೆ ಅದೂ ಇಲ್ಲ. ಅದಕ್ಕೆ ಪ್ರಶ್ನೆ ಮಾಡಿಸಿ: ‘ಯು ಮಸ್ಟ್ ವೇಟ್’ ಎಂಬುದು ‘ಮಸ್ಟ್ ಯು ವೇಟ್?’ ಆಗುತ್ತದೆ. ಮುಂದಕ್ಕೆ ಜಿಗಿದದ್ದು ಸಹಾಯಕ ಕ್ರಿಯಾಪದ. ಗೆರೆ ‘ಮಸ್ಟ್’, ‘ವೇಟ್’ ಎರಡಕ್ಕೂ. ‘ಹ್ಯಾಸ್ ಆಲ್ರೆಡಿ ಈಟನ್’ ಎಂಬಲ್ಲಿ ನಡುವಿನ ‘ಆಲ್ರೆಡಿ’ಯನ್ನು ಬಿಡಬೇಕು. ಮಕ್ಕಳು ಅಂಕ ಕಳೆದುಕೊಳ್ಳುವ ಜಾಗ ಇದು.

ಪ್ರಶ್ನೆ: ‘ಫಾಸ್ಟ್’ ಯಾವ ಪದವರ್ಗ? ಒಂದೊಂದು ಕಡೆ ಒಂದೊಂದು ಉತ್ತರವಿದೆ.
— ಡಿ.ಎಡ್. ವಿದ್ಯಾರ್ಥಿನಿ

ಉತ್ತರ: ಪದವನ್ನಷ್ಟೇ ನೋಡಿ ಹೇಳಲಾಗದು, ಅಕ್ಕಪಕ್ಕ ನೋಡಬೇಕು. ‘ಎ ಫಾಸ್ಟ್ ಟ್ರೇನ್’ನಲ್ಲಿ ಗುಣವಾಚಕ, ‘ಶಿ ರನ್ಸ್ ಫಾಸ್ಟ್’ನಲ್ಲಿ ಕ್ರಿಯಾವಿಶೇಷಣ, ‘ದೇ ಫಾಸ್ಟ್ ಆನ್ ಏಕಾದಶಿ’ಯಲ್ಲಿ ಕ್ರಿಯಾಪದ, ‘ಎ ಲಾಂಗ್ ಫಾಸ್ಟ್’ನಲ್ಲಿ ನಾಮಪದ. ‘ಲಿ’ಯಿಂದ ಮುಗಿದದ್ದೆಲ್ಲ ಕ್ರಿಯಾವಿಶೇಷಣ ಎಂಬ ಸೂತ್ರವನ್ನೂ ನಂಬಬೇಡಿ: ‘ಫ್ರೆಂಡ್ಲಿ’, ‘ಲವ್ಲಿ’ ಗುಣವಾಚಕಗಳು.

ತರಗತಿಯಲ್ಲಿ ‘ದಿ ಓಲ್ಡ್ ಮ್ಯಾನ್ ದಿ ಬೋಟ್’ ಎಂದು ಬರೆದು ಕ್ರಿಯಾಪದ ಕೇಳಿ. ಎಲ್ಲರೂ ‘ಮುದುಕ’ ಎಂದು ಓದಿ ಸಿಕ್ಕಿಬೀಳುತ್ತಾರೆ. ‘ಯೆಸ್ಟರ್‌ಡೇ’ ಸೇರಿಸಿದರೆ ‘ದಿ ಓಲ್ಡ್ ಮ್ಯಾನ್ಡ್ ದಿ ಬೋಟ್’: ದೋಣಿ ನಡೆಸಿದವರು ವಯಸ್ಸಾದವರು.