ಕಡಿಮೆ ಮತ ಪಡೆದವರು ಅಧ್ಯಕ್ಷರಾದದ್ದು ಹೇಗೆ?

ಪ್ರಶ್ನೆ: ಉರುಗ್ವೆಯ ಕೊಲೊರಾಡೊ ಪಕ್ಷ ಎಷ್ಟು ಹಳೆಯದು? 1971ರಲ್ಲಿ ಅದರ ಅಭ್ಯರ್ಥಿ ಎದುರಾಳಿಗಿಂತ ಕಡಿಮೆ ಮತ ಪಡೆದೂ ಅಧ್ಯಕ್ಷರಾದರಂತೆ, ನಿಜವೇ?

ಉತ್ತರ: ನಿಜ. ಪಕ್ಷದ ಬೇರು 1836ರ ಕಾರ್ಪಿಂತೇರಿಯಾ ಕದನದಲ್ಲಿದೆ. ಅದರಲ್ಲಿ ಆಗಿನ ಅಧ್ಯಕ್ಷ ಒರಿಬೆಯ ಕಡೆಯವರು ಬಿಳಿ ಪಟ್ಟಿ ಕಟ್ಟಿದರು; ಮುಂದೆ ಅವರದೇ ಬಿಳಿ ಪಕ್ಷವಾಯಿತು. ಎದುರಾಳಿ, ಮಾಜಿ ಅಧ್ಯಕ್ಷ ರಿವೇರಾನ ಕಡೆಯವರ ತಿಳಿನೀಲಿ ಪಟ್ಟಿ ಬಿಸಿಲಿಗೆ ಮಾಸುತ್ತಿದ್ದುದರಿಂದ ಕೆಂಪಿಗೆ ಬದಲಾಯಿಸಿದರು ಎನ್ನುತ್ತಾರೆ. 1865ರಿಂದ 1959ರವರೆಗೆ ಅಧಿಕಾರ ಈ ಕೆಂಪು ಪಕ್ಷದ, ಅಂದರೆ ಕೊಲೊರಾಡೊದ, ಕೈಯಲ್ಲೇ ಇತ್ತು. ಈ ಪಕ್ಷದ ನಾಯಕ ಬಾಟ್ಯೆ ಇ ಒರ್ದೋನ್ಯೆಸ್ ಎರಡು ಬಾರಿ ಅಧ್ಯಕ್ಷರಾದರು; 1915ರ ಎಂಟು ಗಂಟೆ ದುಡಿಮೆಯ ಕಾನೂನು ಅವರ ಹೋರಾಟದ ಫಲ.

ಇನ್ನು 1971. ಆಗ ಒಂದೇ ಪಕ್ಷದಿಂದ ಹಲವರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬಹುದಿತ್ತು. ಮೊದಲು ಅವರೆಲ್ಲರ ಮತ ಕೂಡಿಸಿ ಗೆದ್ದ ಪಕ್ಷವನ್ನು ಗುರುತಿಸುವುದು, ಆಮೇಲೆ ಅದರೊಳಗೆ ಮುಂದಿರುವವರಿಗೆ ಕುರ್ಚಿ. ಬಿಳಿ ಪಕ್ಷದ ಫೆರೇರಾಗೆ ಸುಮಾರು 4.4 ಲಕ್ಷ ಮತ, ಕೊಲೊರಾಡೊದ ಬೋರ್ದಾಬೆರಿಗೆ 3.8 ಲಕ್ಷ. ಆದರೆ ಪಕ್ಷಗಳ ಒಟ್ಟು ಲೆಕ್ಕದಲ್ಲಿ ಕೊಲೊರಾಡೊ ಸುಮಾರು 13 ಸಾವಿರ ಮತ ಮುಂದಿತ್ತು. ಮತದಾರ ಒಬ್ಬರಿಗೆ ಹಾಕಿದ ಮತ ಅದೇ ಪಕ್ಷದ ಇನ್ನೊಬ್ಬರನ್ನು ಗೆಲ್ಲಿಸುವುದೇ ಈ ಪದ್ಧತಿಯ ದೊಡ್ಡ ದೋಷ. 1973ರಲ್ಲಿ ಬೋರ್ದಾಬೆರಿ ಸೇನೆಯ ಬೆಂಬಲದಿಂದ ಸಂಸತ್ತನ್ನೇ ವಿಸರ್ಜಿಸಿದರು. 1996ರ ಸಂವಿಧಾನ ತಿದ್ದುಪಡಿಯ ನಂತರ ಪಕ್ಷಕ್ಕೆ ಒಬ್ಬರೇ ಅಭ್ಯರ್ಥಿ. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಸಿಗದಿದ್ದರೆ ಎರಡನೇ ಸುತ್ತು.